‘ಕತೆ’ಗೂ ‘ಕತ್ತೆ’ಗೂ ನಡುವಿನ ಮೌನವನ್ನು ನರಕೋಶ ಅಳೆಯುವುದು ಹೇಗೆ?

ಮಲೆನಾಡಿಗ (ಪ್ರಶ್ನೆ):

ಕಳೆದ ವಾರ ಮಳೆ ನಿಂತ ರಾತ್ರಿ ನಮ್ಮ ಬಚ್ಚಲುಮನೆಯ ಹಿಂದಿನ ಸೌದೆ ರಾಶಿಯಲ್ಲಿ ಕೂಗುತ್ತಿದ್ದ ಜೀರುಂಡೆಯೊಂದರ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಮಾರನೆಯ ದಿನ ಕಂಪ್ಯೂಟರಿನಲ್ಲಿ ಅದರ ಅಲೆಯನ್ನು ಹಿಗ್ಗಿಸಿ ನೋಡಿದೆ. ಕಿವಿಗೆ ಒಂದೇ ‘ಚಿರ್ರ್’ ಎಂದು ಕೇಳಿಸಿದ್ದು ಪರದೆಯ ಮೇಲೆ ನಾಲ್ಕು ಬಿಡಿಬಿಡಿ ಉಬ್ಬುಗಳಾಗಿ ಕಂಡಿತು. ಪ್ರತಿ ಉಬ್ಬಿನ ನಡುವೆ ಹೆಚ್ಚುಕಡಿಮೆ ಉಬ್ಬಿನಷ್ಟೇ ಅಗಲದ ಮೌನ, ನಾಲ್ಕಾದ ಮೇಲೆ ದೊಡ್ಡದೊಂದು ಬಿಡುವು, ಮತ್ತೆ ನಾಲ್ಕು. (ಜೀರುಂಡೆ ಎಂಬ ಹೆಸರನ್ನು ಕೆಲವು ಊರುಗಳಲ್ಲಿ ಮರದ ಮೇಲೆ ಹಗಲು ಕಿರುಚುವ ಹುಳಕ್ಕೂ, ಪಠ್ಯಪುಸ್ತಕಗಳಲ್ಲಿ ಗಟ್ಟಿ ರೆಕ್ಕೆಯ ದುಂಬಿಗಳಿಗೂ ಬಳಸುತ್ತಾರೆ. ನಾನು ಹೇಳುತ್ತಿರುವುದು ಮಿಡತೆಯ ದಾಯಾದಿಯಾದ, ನೆಲದ ಬಿರುಕುಗಳಲ್ಲಿ ಕೂತು ರಾತ್ರಿ ಕೂಗುವ ಕಪ್ಪು ಹುಳದ ವಿಷಯ.)

ಅದೇ ಉತ್ಸಾಹದಲ್ಲಿ ನನ್ನ ಧ್ವನಿಯಲ್ಲೇ ‘ಕತೆ’ ಎಂದೂ ‘ಕತ್ತೆ’ ಎಂದೂ ಹೇಳಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ‘ತ’ಕಾರಕ್ಕೆ ಮುಂಚೆ ನಾಲಿಗೆ ಹಲ್ಲಿಗೆ ಒತ್ತಿಕೊಂಡಿರುವಾಗ ಬರುವ ಮೌನ ಮೊದಲನೆಯದರಲ್ಲಿ ಸುಮಾರು 80 ಮಿಲಿಸೆಕೆಂಡ್, ಎರಡನೆಯದರಲ್ಲಿ ಸುಮಾರು 180. ‘ಕತ್ತೆ’ಯ ಮೌನದಿಂದ ನೂರು ಮಿಲಿಸೆಕೆಂಡ್ ಕತ್ತರಿಸಿ ತೆಗೆದು ಮನೆಯವರಿಗೆ ಕೇಳಿಸಿದರೆ ಎಲ್ಲರೂ ‘ಕತೆ’ ಎಂದರು. ಅಂದರೆ ಪ್ರಾಣಿಯನ್ನು ಕಥನವಾಗಿ ಮಾರ್ಪಡಿಸಿದ್ದು ಯಾವ ಸದ್ದೂ ಅಲ್ಲ, ಸದ್ದಿಲ್ಲದ ಒಂದು ತುಂಡು ಹೊತ್ತು.

ನನ್ನ ಪ್ರಶ್ನೆ ಇದು. ನಾನು ಓದಿಕೊಂಡಿರುವ ಮಟ್ಟಿಗೆ ನರಕೋಶದ ಮಿಡಿತಗಳೆಲ್ಲ ಒಂದೇ ಅಚ್ಚಿನವು. ಒಂದೊಂದೂ ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಮುಗಿದುಹೋಗುತ್ತದೆ, ದೊಡ್ಡ ಸದ್ದಿಗೆ ದೊಡ್ಡ ಮಿಡಿತ ಎಂಬುದಿಲ್ಲ. ಕಂಪ್ಯೂಟರಿನಲ್ಲಾದರೆ ಹೊತ್ತನ್ನು ಎಣಿಸಲು ಸ್ಫಟಿಕದ ಗಡಿಯಾರ ಇರುತ್ತದೆ. ಮಿದುಳಿನಲ್ಲಿ ಅಂಥದ್ದಿಲ್ಲದಿದ್ದರೆ, ಹಿಂದಿನ ಮಿಡಿತ ಬಂದು ಎಷ್ಟು ಹೊತ್ತಾಯಿತು ಎಂಬ ಲೆಕ್ಕವನ್ನು ಇಡುವವರು ಯಾರು? ಹೋಲಿಕೆಗಳಲ್ಲೇ ನಿಲ್ಲದೆ, ಯಾವ ಕೋಶ ಏನು ಮಾಡುತ್ತದೆ ಎಂಬಷ್ಟು ವಿವರವಾಗಿ ಯಾರಾದರೂ ಹೇಳಬಲ್ಲಿರಾ?

ನರತಂತು:

ನೀವು ಒಂದೇ ಪ್ರಶ್ನೆ ಎಂದುಕೊಂಡು ಎರಡು ಪ್ರಶ್ನೆಗಳನ್ನು ಕೇಳಿದ್ದೀರಿ. ಜೀರುಂಡೆಯ ಪ್ರಶ್ನೆಗೆ ಕೋಶ ಕೋಶವಾಗಿ ಉತ್ತರ ಹೇಳಬಹುದು. ‘ಕತ್ತೆ’ಯ ಪ್ರಶ್ನೆಗೆ ಆ ಮಟ್ಟದ ಉತ್ತರ ಇನ್ನೂ ಯಾರ ಬಳಿಯೂ ಇಲ್ಲ. ಆದ್ದರಿಂದ ನಾನು ಮೊದಲನೆಯದಕ್ಕೇ ಅಂಟಿಕೊಳ್ಳುತ್ತೇನೆ.

ಹೊತ್ತನ್ನು ಅಳೆಯಲು ಗಡಿಯಾರ ಬೇಕೇ ಬೇಕು ಎಂದೇನಿಲ್ಲ. ಒಂದು ತಡ, ಒಂದು ಭೇಟಿ, ಇವೆರಡಿದ್ದರೆ ಸಾಕು. ಬಂದ ಸಂಕೇತವನ್ನು ಎರಡು ದಾರಿಗಳಲ್ಲಿ ಕಳಿಸಿ, ಒಂದು ದಾರಿಯಲ್ಲಿ ಅದನ್ನು ತಕ್ಷಣ ತಲುಪಿಸಿ, ಇನ್ನೊಂದರಲ್ಲಿ ಗೊತ್ತಾದಷ್ಟು ಹೊತ್ತು ತಡೆದು ತಲುಪಿಸಿದರೆ, ಕೊನೆಯಲ್ಲಿ ಕೂತಿರುವ ಮೂರನೆಯ ಕೋಶವು ‘ಎರಡೂ ಒಟ್ಟಿಗೆ ಬಂದರೆ ಮಾತ್ರ ಮಿಡಿಯುತ್ತೇನೆ’ ಎಂಬ ಸ್ವಭಾವದ್ದಾಗಿದ್ದಾಗ, ಮೊದಲ ಸದ್ದಿನ ತಡವಾದ ನಕಲು ಮತ್ತು ಎರಡನೆಯ ಸದ್ದಿನ ನೇರ ನಕಲು ಅಲ್ಲಿ ಸಂಧಿಸುವುದು ಎರಡು ಸದ್ದುಗಳ ನಡುವಿನ ಅಂತರವು ಆ ತಡಕ್ಕೆ ಸಮನಾಗಿದ್ದಾಗ ಮಾತ್ರ. ಅಳತೆಗೋಲು ಎಲ್ಲಿದೆ ಎಂದು ಕೇಳಿದರೆ, ಆ ತಡವೇ ಅಳತೆಗೋಲು.

ಈ ಯೋಚನೆ ಹಳೆಯದು. ಲಾಯ್ಡ್ ಜೆಫ್ರೆಸ್ 1948ರಲ್ಲಿ, ಸದ್ದು ಎಡಕಿವಿಗೂ ಬಲಕಿವಿಗೂ ತಲುಪುವ ಹೊತ್ತಿನ ವ್ಯತ್ಯಾಸದಿಂದ ದಿಕ್ಕನ್ನು ತಿಳಿಯುವ ಬಗೆಯನ್ನು ವಿವರಿಸಲು ಇದನ್ನು ಸೂಚಿಸಿದರು. 1990ರಲ್ಲಿ ಕ್ಯಾಥರೀನ್ ಕಾರ್ ಮತ್ತು ಮಾಸಕಾಜು ಕೊನಿಶಿ ಅವರು ಕಣಜದ ಗೂಬೆಯ ಮಿದುಳುಕಾಂಡದಲ್ಲಿ ಅಂಥ ತಡದ ತಂತುಗಳು ನಿಜವಾಗಿಯೂ ಇರುವುದನ್ನು ತೋರಿಸಿದರು. ಅಲ್ಲಿ ತಡ ಹುಟ್ಟುವುದು ತಂತುವಿನ ಉದ್ದದಿಂದ, ದಾರಿ ಉದ್ದವಾದಷ್ಟೂ ತಲುಪುವುದು ನಿಧಾನ. ಗೂಬೆಗೆ ಬೇಕಾದದ್ದು ಒಂದು ಮಿಲಿಸೆಕೆಂಡಿನ ಐದರಲ್ಲೊಂದು ಪಾಲಿನ ಒಳಗಿನ ತಡ, ಅಷ್ಟನ್ನು ಉದ್ದದಿಂದಲೇ ಹೊಂದಿಸಿಕೊಳ್ಳಬಹುದು.

ಜೀರುಂಡೆಗೆ ಈ ಉಪಾಯ ಒಗ್ಗುವುದಿಲ್ಲ. ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಸಾಕುವ ಗ್ರಿಲ್ಲಸ್ ಬೈಮಾಕ್ಯುಲೇಟಸ್ ಎಂಬ ಎರಡು ಚುಕ್ಕೆಯ ಜೀರುಂಡೆಯನ್ನೇ ತೆಗೆದುಕೊಳ್ಳಿ. ಗಂಡಿನ ಕೂಗಿನಲ್ಲಿ ಸುಮಾರು 20 ಮಿಲಿಸೆಕೆಂಡಿನ ಸದ್ದು, ಸುಮಾರು ಅಷ್ಟೇ ಮೌನ, ಹೀಗೆ ಮೂರರಿಂದ ಐದು ತುಣುಕುಗಳು ಇರುತ್ತವೆ. ಒಂದು ತುಣುಕಿನ ಆರಂಭದಿಂದ ಮುಂದಿನದರ ಆರಂಭಕ್ಕೆ ಸುಮಾರು 40 ಮಿಲಿಸೆಕೆಂಡ್. ನರತಂತುವಿನಲ್ಲಿ ಸಂಕೇತ ಸೆಕೆಂಡಿಗೆ ಒಂದು ಮೀಟರ್ ಓಡುತ್ತದೆ ಎಂದಿಟ್ಟುಕೊಂಡರೂ 40 ಮಿಲಿಸೆಕೆಂಡ್ ತಡಕ್ಕೆ ನಾಲ್ಕು ಸೆಂಟಿಮೀಟರ್ ತಂತು ಬೇಕು. ಹುಳದ ಮೈಯುದ್ದವೇ ಮೂರು ಸೆಂಟಿಮೀಟರ್ ದಾಟುವುದು ಅಪರೂಪ. ಅದರ ಮಿದುಳಂತೂ ಗುಂಡುಸೂಜಿಯ ತಲೆಯಷ್ಟು. ಹಾಗಾದರೆ ತಡವನ್ನು ಬೇರೆಲ್ಲಿಂದಲೋ ತರಬೇಕು.

ಅದನ್ನು ತರುವ ಬಗೆ ನನಗೆ ಇಡೀ ವಿಷಯದಲ್ಲೇ ಅತ್ಯಂತ ಸೊಗಸಾದದ್ದಾಗಿ ಕಾಣುತ್ತದೆ. ಬಾವಿಯಲ್ಲಿ ತೇಲುತ್ತಿರುವ ಒಣ ತೆಂಗಿನಕಾಯಿಯನ್ನು ಕೈಯಿಂದ ನೀರೊಳಗೆ ಅದುಮಿ ಹಿಡಿದು ಬಿಟ್ಟರೆ ಅದು ತನ್ನ ಮಟ್ಟಕ್ಕೆ ಬಂದು ಸುಮ್ಮನೆ ನಿಲ್ಲುವುದಿಲ್ಲ, ಒಂದು ಕ್ಷಣ ಮಟ್ಟಕ್ಕಿಂತ ಮೇಲೆ ಚಿಮ್ಮಿ ಆಮೇಲೆ ನೆಲೆಗೊಳ್ಳುತ್ತದೆ. ಕೆಲವು ನರಕೋಶಗಳೂ ಹೀಗೆಯೇ. ಇನ್ನೊಂದು ಕೋಶ ಅವನ್ನು ಪ್ರತಿಬಂಧಿಸಿ, ಅವುಗಳ ಪೊರೆಯ ವಿದ್ಯುತ್ ವಿಭವವನ್ನು ಕೆಳಗೆ ತಳ್ಳಿ ಹಿಡಿದಷ್ಟು ಹೊತ್ತು, ವಿಶ್ರಾಂತ ಸ್ಥಿತಿಯಲ್ಲಿ ಮುಚ್ಚಿಬಿದ್ದಿದ್ದ ಕೆಲವು ಅಯಾನು ನಾಳಗಳು (ವಿದ್ಯುದಂಶ ಹೊತ್ತ ಕಣಗಳು ಪೊರೆಯನ್ನು ದಾಟುವ ಕಿಂಡಿಗಳು) ಮತ್ತೆ ತೆರೆದುಕೊಳ್ಳಲು ಅಣಿಯಾಗುತ್ತವೆ. ಪ್ರತಿಬಂಧ ಸಡಿಲವಾದ ಕೂಡಲೇ ಅವು ತೆರೆದು, ವಿಭವವು ಸಾಮಾನ್ಯ ಮಟ್ಟವನ್ನು ದಾಟಿ ಸ್ವಲ್ಪ ಹೊತ್ತು ಮೇಲೇಳುತ್ತದೆ. ಇದನ್ನು ಮರುಪುಟಿತ ಎನ್ನೋಣ. ಅದುಮಿದ ಗಳಿಗೆಗೂ ಪುಟಿದೇಳುವ ಗಳಿಗೆಗೂ ನಡುವೆ ಹತ್ತಾರು ಮಿಲಿಸೆಕೆಂಡ್ ಕಳೆದಿರುತ್ತದೆ. ತಂತುವನ್ನು ಉದ್ದ ಮಾಡದೆಯೇ ತಡ ಸಿಕ್ಕಿತು.

ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಬರ್ಟ್‌ಹೋಲ್ಡ್ ಹೆಡ್ವಿಗ್ ಅವರ ಗುಂಪು, ಮುಖ್ಯವಾಗಿ ಸ್ಟೆಫಾನ್ ಶೋನೈಖ್ ಮತ್ತು ಕಾನ್‌ಸ್ಟಾಂಟಿನೋಸ್ ಕೋಸ್ಟರಾಕೋಸ್, 2015ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಹೆಣ್ಣು ಜೀರುಂಡೆಯ ಈ ಸರ್ಕ್ಯೂಟಿನ ಐದು ಕೋಶಗಳನ್ನು ಒಂದೊಂದಾಗಿ ಗುರುತಿಸಿದ್ದಾರೆ. ಗಾಜಿನ ಅತಿ ಸಪೂರ ವಿದ್ಯುದಗ್ರವನ್ನು ಜೀವಂತ ಹುಳದ ಮಿದುಳಿನ ಒಂದು ಕೋಶದೊಳಕ್ಕೆ ಇಳಿಸಿ, ಸ್ಪೀಕರಿನಲ್ಲಿ ಸದ್ದಿನ ತುಣುಕುಗಳನ್ನು ನುಡಿಸಿ, ಅಂತರವನ್ನು ಬದಲಿಸುತ್ತ ಹೋಗಿ, ಕೋಶದೊಳಗಿನ ವಿಭವ ಏನಾಗುತ್ತದೆ ಎಂದು ದಾಖಲಿಸುವ ಕೆಲಸ ಅದು.

ಕಿವಿ ಇರುವುದು ಮುಂಗಾಲುಗಳಲ್ಲಿ, ಮಂಡಿಯ ಸ್ವಲ್ಪ ಕೆಳಗೆ. ಅಲ್ಲಿಂದ ಬಂದ ಸಂಕೇತವನ್ನು ಎದೆಯ ನರಗಂಟಿನಿಂದ ಮಿದುಳಿಗೆ ಹೊತ್ತೊಯ್ಯುವ ಕೋಶಕ್ಕೆ ಎಎನ್-1 ಎಂದು ಹೆಸರು. ಅದಕ್ಕೆ ಅಂತರದ ಗೊಡವೆ ಇಲ್ಲ. ಸುಮಾರು 5 ಕಿಲೋಹರ್ಟ್ಸ್ ಕಂಪನದ ಯಾವ ಸದ್ದು ಬಂದರೂ, ಹೇಗೆ ಬಂದಿತೋ ಹಾಗೆ ಒಪ್ಪಿಸುತ್ತದೆ. ಮಿದುಳಿನಲ್ಲಿ ಅದರ ಸಂಕೇತ ಎರಡಾಗುತ್ತದೆ. ಒಂದು ನೇರವಾಗಿ ಎಲ್‌ಎನ್-3 ಎಂಬ ಕೋಶಕ್ಕೆ. ಇನ್ನೊಂದು ಎಲ್‌ಎನ್-2 ಎಂಬ ಪ್ರತಿಬಂಧಕ ಕೋಶಕ್ಕೆ; ಅದು ಎಲ್‌ಎನ್-5ನ್ನು ಅದುಮುತ್ತದೆ. ಎಲ್‌ಎನ್-5 ಎಂದೂ ಮಿಡಿಯದ ಕೋಶ, ಅದರ ವಿಭವ ಅಲೆಯಂತೆ ಇಳಿದು ಏರುತ್ತದೆ ಅಷ್ಟೆ. ಅದುಮು ತಪ್ಪಿದಾಗ ಅದು ಮರುಪುಟಿದು ಎಲ್‌ಎನ್-3ನ್ನು ಪ್ರಚೋದಿಸುತ್ತದೆ. ನಮ್ಮ ತೆಂಗಿನಕಾಯಿ ಇದೇ. ಸರಿಯಾಗಿ ಆ ಹೊತ್ತಿಗೆ ಎರಡನೆಯ ತುಣುಕಿನ ನೇರ ಸಂಕೇತ ಎಎನ್-1ರಿಂದ ಬಂದು ಸೇರಿದರೆ ಎಲ್‌ಎನ್-3 ಜೋರಾಗಿ ಮಿಡಿಯುತ್ತದೆ. ಯಾವುದಾದರೂ ಒಂದೇ ಬಂದರೆ ಅದರ ದನಿ ಕ್ಷೀಣ. ಕೊನೆಯ ಕೋಶ ಎಲ್‌ಎನ್-4, ಎಲ್‌ಎನ್-3ರಿಂದ ಪ್ರಚೋದನೆಯನ್ನೂ ಪ್ರತಿಬಂಧದ ದಾರಿಯಿಂದ ಅಡ್ಡಿಯನ್ನೂ ಏಕಕಾಲಕ್ಕೆ ಪಡೆದು, ಕ್ಷೀಣ ಉತ್ತರಗಳನ್ನೆಲ್ಲ ಅಳಿಸಿ, ಸರಿಯಾದ ಅಂತರದ ಕೂಗಿಗೆ ಮಾತ್ರ ಕೆಲವೇ ಮಿಡಿತಗಳನ್ನು ಹೊರಡಿಸುತ್ತದೆ. ಆ ಕೋಶ ಯಾವ ಅಂತರಗಳಿಗೆ ಹೆಚ್ಚು ಮಿಡಿಯುತ್ತದೆಯೋ ಅದೇ ಅಂತರಗಳ ಕೂಗಿನತ್ತಲೇ ಹೆಣ್ಣು ನಡೆದುಹೋಗುತ್ತದೆ, ಅಂದರೆ ಸುಮಾರು 34ರಿಂದ 42 ಮಿಲಿಸೆಕೆಂಡ್.

ಒಂದು ಪರಿಣಾಮವನ್ನು ಗಮನಿಸಿ. ಮೊದಲ ತುಣುಕಿಗೆ ಈ ಸರ್ಕ್ಯೂಟ್ ಸರಿಯಾಗಿ ಉತ್ತರಿಸಲಾರದು, ಏಕೆಂದರೆ ಅದಕ್ಕೆ ಹಿಂದಿನದರ ಮರುಪುಟಿತ ಇರುವುದಿಲ್ಲ. ಎರಡನೆಯ ತುಣುಕಿನಿಂದ ಉತ್ತರ ಶುರು. ಯಾರೂ ಲೆಕ್ಕ ಇಡುತ್ತಿಲ್ಲ. ಹಿಂದಿನ ಸದ್ದು ತನ್ನ ಹೆಜ್ಜೆಗುರುತನ್ನು ಒಂದು ಕೋಶದ ಪೊರೆಯಲ್ಲಿ ಬಿಟ್ಟುಹೋಗಿದೆ, ಮುಂದಿನದು ಬಂದು ಅದನ್ನು ತುಳಿಯುತ್ತದೆಯೋ ಇಲ್ಲವೋ ಎಂಬುದಷ್ಟೇ ತೀರ್ಮಾನ.

ಮಲೆನಾಡಿಗ:

ನರತಂತು ಅವರೇ, ಅನಂತ ಧನ್ಯವಾದ. ಎರಡು ಸಲ ಓದಿ, ಕಾಗದದ ಮೇಲೆ ಬಾಣಗಳನ್ನು ಎಳೆದುಕೊಂಡ ಮೇಲೆ ಒಂದು ಅನುಮಾನ ಬಂದಿದೆ. ಸರ್ಕ್ಯೂಟ್ ನೋಡುವುದು ‘40 ಮಿಲಿಸೆಕೆಂಡ್ ಹಿಂದೆ ಒಂದು ತುಣುಕು ಬಂದಿತ್ತೇ’ ಎಂಬುದನ್ನು ಮಾತ್ರವಾದರೆ, ತುಣುಕುಗಳು 20 ಮಿಲಿಸೆಕೆಂಡಿಗೆ ಒಂದರಂತೆ ಬಂದರೂ ಅದು ಮೋಸಹೋಗಬೇಕಲ್ಲವೇ? ಒಂದು ಬಿಟ್ಟು ಒಂದು ತುಣುಕು ಸರಿಯಾಗಿ 40 ಮಿಲಿಸೆಕೆಂಡಿಗೆ ಬೀಳುತ್ತದೆ. ನಡುವಿನದನ್ನು ಅದು ಕಡೆಗಣಿಸುವುದು ಹೇಗೆ?

ನರತಂತು:

ಒಳ್ಳೆಯ ಅನುಮಾನ. ತಡವು ತಂತುವಿನ ಉದ್ದದಿಂದ ಹುಟ್ಟಿದ್ದರೆ ಖಂಡಿತ ಮೋಸಹೋಗುತ್ತಿತ್ತು. ಉದ್ದದ ತಂತು ಬಂದದ್ದನ್ನೆಲ್ಲ ಬಂದ ಕ್ರಮದಲ್ಲೇ ತಡವಾಗಿ ಒಪ್ಪಿಸುವ ಅಂಚೆಯವನಂತೆ. ಮರುಪುಟಿತ ಹಾಗಲ್ಲ. ಕೈ ಎತ್ತಿದರೆ ತಾನೇ ತೆಂಗಿನಕಾಯಿ ಚಿಮ್ಮುವುದು? ತುಣುಕುಗಳು ಒತ್ತೊತ್ತಾಗಿ ಬಂದರೆ ಮೊದಲನೆಯದರ ಅದುಮು ಸಡಿಲವಾಗುವ ಮುಂಚೆಯೇ ಎರಡನೆಯದರ ಅದುಮು ಬೀಳುತ್ತದೆ, ಪ್ರತಿಬಂಧಗಳು ಒಂದರ ಮೇಲೊಂದು ಸೇರುತ್ತವೆ, ಎಲ್‌ಎನ್-5 ಮೇಲೇಳುವುದೇ ಇಲ್ಲ. ಭೇಟಿಯ ಒಂದು ಪಕ್ಷವೇ ಗೈರುಹಾಜರು. ತುಣುಕುಗಳು ತೀರ ದೂರವಾದರೆ, ಉದಾಹರಣೆಗೆ 100 ಮಿಲಿಸೆಕೆಂಡಿಗೆ ಒಂದಾದರೆ, ಪುಟಿತ ಎದ್ದು ಇಳಿದುಹೋಗಿರುತ್ತದೆ. ಹೀಗೆ ಹೆಚ್ಚು ವೇಗವನ್ನು ಒಂದು ಕಾರಣವೂ ಹೆಚ್ಚು ನಿಧಾನವನ್ನು ಇನ್ನೊಂದು ಕಾರಣವೂ ತಳ್ಳಿಹಾಕುವುದರಿಂದ ನಡುವೆ ಒಂದು ಕಿಟಕಿ ಉಳಿಯುತ್ತದೆ.

ಕೀಟಪ್ರಿಯ:

ಮೇಲಿನ ವಿವರಣೆಗೆ ಹುಳದ ಕಡೆಯಿಂದ ಒಂದೆರಡು ಸೇರಿಸಬೇಕು.

ಕೂಗಿನ ಲಯಕ್ಕೆ ಇಷ್ಟು ಬೆಲೆ ಏಕೆ ಎಂಬುದು ಸದ್ದು ಹುಟ್ಟುವ ಬಗೆಯಲ್ಲಿದೆ. ಗಂಡು ತನ್ನ ಮೇಲ್ರೆಕ್ಕೆಗಳಲ್ಲಿ ಒಂದರ ಗರಗಸದಂಥ ಹಲ್ಲುಸಾಲನ್ನು ಇನ್ನೊಂದರ ಅಂಚಿನಿಂದ ಉಜ್ಜುತ್ತದೆ. ರೆಕ್ಕೆ ಮುಚ್ಚುವಾಗ ಸದ್ದು, ತೆರೆಯುವಾಗ ಮೌನ. ನಿಮ್ಮ ಪರದೆಯ ಒಂದೊಂದು ಉಬ್ಬೂ ರೆಕ್ಕೆ ಒಂದು ಸಲ ಮುಚ್ಚಿದ್ದರ ಗುರುತು. ಹೆಣ್ಣು ಕೂಗುವುದಿಲ್ಲ, ಕೇಳಿಸಿಕೊಂಡು ನಡೆದು ಬರುತ್ತದೆ. ಅದು ಬರುವುದು ಸದ್ದಿಗೇ, ಗಂಡಿನ ವಾಸನೆಗೋ ರೂಪಕ್ಕೋ ಅಲ್ಲ ಎಂಬುದನ್ನು ಇವಾನ್ ರೇಗನ್ 1913ರಲ್ಲೇ ಟೆಲಿಫೋನ್ ಬಳಸಿ ತೋರಿಸಿದ್ದರು. ಒಂದು ಕಡೆ ಗಂಡು ಕೂಗುತ್ತಿದ್ದರೆ ಇನ್ನೊಂದು ಕಡೆಯ ರಿಸೀವರಿನ ಬಳಿಗೆ ಹೆಣ್ಣು ಬಂದಿತು.

ಎರಡನೆಯದು ಚಳಿ-ಸೆಕೆಯ ಸಂಗತಿ, ಮೇಲಿನ ವಿವರಣೆಯಲ್ಲಿ ಬಿಟ್ಟುಹೋದದ್ದು. ಜೀರುಂಡೆ ತಣ್ಣನೆಯ ರಕ್ತದ ಜೀವಿ. ಸೆಕೆ ಹೆಚ್ಚಿದಂತೆ ರೆಕ್ಕೆಯ ಬಡಿತ ಚುರುಕಾಗಿ ಕೂಗಿನ ಲಯವೇ ಬದಲಾಗುತ್ತದೆ. ಏಮಸ್ ಡಾಲ್ಬೇರ್ ಎಂಬ ಅಮೆರಿಕದ ಭೌತವಿಜ್ಞಾನಿ 1897ರಲ್ಲಿ, ಜೀರುಂಡೆಯ ಕೂಗನ್ನು ಎಣಿಸಿ ಹೊರಗಿನ ಉಷ್ಣತೆಯನ್ನು ಹೇಳುವ ಸೂತ್ರವನ್ನೇ ಬರೆದಿದ್ದರು. ಹಾಗಾದರೆ ಹೆಣ್ಣಿನ ತಲೆಯಲ್ಲಿ 40 ಮಿಲಿಸೆಕೆಂಡಿನ ಅಳತೆ ಕೆತ್ತಿಟ್ಟಂತೆ ಇದ್ದರೆ ಸೆಕೆಯ ರಾತ್ರಿಯಲ್ಲಿ ಅದು ಗಂಡನ್ನು ಗುರುತಿಸಲಾರದೆ ಹೋಗಬೇಕಿತ್ತು. ಹಾಗಾಗುವುದಿಲ್ಲ, ಏಕೆಂದರೆ ಹೆಣ್ಣಿನ ಆಯ್ಕೆಯೂ ಉಷ್ಣತೆಯ ಜೊತೆಗೇ ಜರುಗುತ್ತದೆ. ಮರಗಪ್ಪೆಗಳಲ್ಲೂ ಹೀಗೆಯೇ ಎಂದು ಕಾರ್ಲ್ ಗೆರ್‌ಹಾರ್ಟ್ 1978ರಲ್ಲಿ ತೋರಿಸಿದ್ದಾರೆ: ಹೆಣ್ಣುಕಪ್ಪೆ ತಾನಿರುವಷ್ಟೇ ಬಿಸಿಯಲ್ಲಿರುವ ಗಂಡಿನ ಕೂಗಿನ ಲಯವನ್ನು ಮೆಚ್ಚುತ್ತದೆ. ಮರುಪುಟಿತದ ತಡವು ಅಯಾನು ನಾಳಗಳ ವೇಗವನ್ನು ಅವಲಂಬಿಸಿದ್ದು, ಆ ವೇಗವೂ ಸೆಕೆಗೆ ಹೆಚ್ಚುತ್ತದೆಯಾದ್ದರಿಂದ, ಗಂಡಿನ ರೆಕ್ಕೆಯೂ ಹೆಣ್ಣಿನ ಕೋಶವೂ ಒಂದೇ ಗಾಳಿಯಲ್ಲಿ ಒಟ್ಟಿಗೆ ಚುರುಕಾಗುತ್ತವೆ ಎಂದು ಊಹಿಸುವುದು ಸಹಜ. ಆದರೆ ಎರಡೂ ಸರಿಸಮವಾಗಿ ಚುರುಕಾಗಲೇಬೇಕೆಂಬ ನಿಯಮವೇನಿಲ್ಲ, ಆದ್ದರಿಂದ ನಾನು ಇದನ್ನು ಊಹೆ ಎಂದೇ ಇಡುತ್ತೇನೆ.

ಇಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲಸವೊಂದು ನೆನಪಾಗುತ್ತದೆ. ನತಾಶಾ ಮ್ಹಾತ್ರೆ, ರೋಹಿಣಿ ಬಾಲಕೃಷ್ಣನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಈಕ್ಯಾಂಥಸ್ ಹೆನ್ರಿ ಎಂಬ ಗಿಡಜೀರುಂಡೆಯದು. ಅದರಲ್ಲಿ ಲಯ ಮಾತ್ರವಲ್ಲ, ಕೂಗಿನ ಶ್ರುತಿಯೇ ಉಷ್ಣತೆಯೊಂದಿಗೆ ಏರಿಳಿಯುತ್ತದೆ. ಹೆಣ್ಣು ಇದನ್ನು ನಿಭಾಯಿಸುವುದು ತನ್ನ ಕಿವಿಯ ಶ್ರುತಿಯನ್ನು ಬದಲಿಸಿಕೊಂಡಲ್ಲ. ಅದರ ಕಿವಿ ಆ ಏರಿಳಿತದ ವ್ಯಾಪ್ತಿಯನ್ನೆಲ್ಲ ಒಳಗೊಳ್ಳುವಷ್ಟು ಅಗಲವಾಗಿ ತೆರೆದುಕೊಂಡಿದೆ. ಒಂದು ಗುಣದಲ್ಲಿ ಇಬ್ಬರೂ ಜೊತೆಯಾಗಿ ಜರುಗುವುದು, ಇನ್ನೊಂದು ಗುಣದಲ್ಲಿ ಕೇಳುವ ಹೆಣ್ಣು ಸಡಿಲವಾಗಿ ಇರುವುದು, ಎರಡೂ ಪರಿಹಾರಗಳು ಪ್ರಕೃತಿಯಲ್ಲಿವೆ.

ಭಾಷಾವಿದ್ಯಾರ್ಥಿ:

ಎರಡನೆಯ ಪ್ರಶ್ನೆಯನ್ನು ನರತಂತು ಅವರು ಜಾಣತನದಿಂದ ಪಕ್ಕಕ್ಕಿಟ್ಟರು. ನಾನು ಅದನ್ನೇ ಎತ್ತಿಕೊಳ್ಳುತ್ತೇನೆ, ಉತ್ತರ ಇದೆ ಎಂದಲ್ಲ, ಜೀರುಂಡೆಯ ಉತ್ತರ ಅಲ್ಲಿಗೆ ಏಕೆ ಒಗ್ಗುವುದಿಲ್ಲ ಎಂದು ತೋರಿಸಲು.

ಕನ್ನಡದಲ್ಲಿ ಕಾಲವೇ ಅರ್ಥವನ್ನು ಬದಲಿಸುವ ಜಾಗಗಳು ಬೇಕಾದಷ್ಟಿವೆ. ‘ಹಳಿ–ಹಳ್ಳಿ’, ‘ಬಳಿ–ಬಳ್ಳಿ’ ಇಂಥವು ಒತ್ತಕ್ಷರದವು. ‘ಬಡಿ–ಬಾಡಿ’, ‘ಕರೆ–ಕಾರೆ’ ಇಂಥವು ಹ್ರಸ್ವದೀರ್ಘದವು. ‘ಪ, ಫ, ಬ’ಗಳ ಭೇದವೂ ಬಹುಮಟ್ಟಿಗೆ ಕಾಲದ್ದೇ, ಏಕೆಂದರೆ ತುಟಿ ಬಿಡಿಸುವ ಗಳಿಗೆಗೆ ಹೋಲಿಸಿದರೆ ಗಂಟಲಿನ ನಾದ ಯಾವಾಗ ಶುರುವಾಗುತ್ತದೆ ಎಂಬುದು ಅಲ್ಲಿ ಮುಖ್ಯ. ‘ಬ’ದಲ್ಲಿ ತುಟಿ ಬಿಡಿಸುವ ಮುಂಚೆಯೇ ನಾದವಿದೆ, ‘ಪ’ದಲ್ಲಿ ಬಿಡಿಸಿದ ಬೆನ್ನಿಗೇ ಬರುತ್ತದೆ, ಎಚ್ಚರದಿಂದ ಉಚ್ಚರಿಸಿದ ಮಹಾಪ್ರಾಣದ ‘ಫ’ದಲ್ಲಿ ನಡುವೆ ಉಸಿರು ಹೋಗಿ ಹತ್ತಾರು ಮಿಲಿಸೆಕೆಂಡ್ ಬಿಟ್ಟು ಬರುತ್ತದೆ. (ಮಾತಿನಲ್ಲಿ ಮಹಾಪ್ರಾಣವನ್ನು ನಮ್ಮಲ್ಲಿ ಬಹುಪಾಲು ಜನ ಕೈಬಿಟ್ಟಿದ್ದೇವೆ ಎಂಬುದು ಬೇರೆ ಮಾತು.)

ಇಲ್ಲಿಯವರೆಗೆ ಜೀರುಂಡೆಯ ಸರ್ಕ್ಯೂಟೇ ಸಾಕು ಎನ್ನಿಸಬಹುದು: 80 ಮಿಲಿಸೆಕೆಂಡಿಗೆ ಒಂದು ಭೇಟಿಕೋಶ, 180ಕ್ಕೆ ಇನ್ನೊಂದು. ಆದರೆ ಆಕಾಶವಾಣಿಯ ವಾರ್ತೆ ಓದುವವರ ‘ಕತೆ’ಯನ್ನೂ ಬಸ್ಸು ಹೊರಡುವ ಗಡಿಬಿಡಿಯಲ್ಲಿ ಕೂಗಿದ ‘ಕತ್ತೆ’ಯನ್ನೂ ಹೋಲಿಸಿ ನೋಡಿ. ಮಾತು ನಿಧಾನವಾದಾಗ ಒಂಟಿ ‘ತ’ದ ಮೌನವೇ ಹಿಗ್ಗುತ್ತದೆ, ಮಾತು ಬಿರುಸಾದಾಗ ಒತ್ತಿನ ‘ತ್ತ’ದ ಮೌನ ಕುಗ್ಗುತ್ತದೆ, ಒಂದು ಹಂತದಲ್ಲಿ ಎರಡರ ಅಳತೆಗಳು ಒಂದರ ಮೇಲೊಂದು ಬಂದುಬಿಡುತ್ತವೆ. ಆದರೂ ನಾವು ತಪ್ಪುವುದಿಲ್ಲ, ಏಕೆಂದರೆ ನಾವು ಮೌನವನ್ನು ಅದರ ಅಕ್ಕಪಕ್ಕದ ಸ್ವರಗಳ ಉದ್ದಕ್ಕೆ ಹೋಲಿಸಿ ಕೇಳುತ್ತೇವೆ. ಸಂಗೀತ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಆದಿತಾಳದ ಒಂದು ಮುಕ್ತಾಯವನ್ನು ಮೊದಲ ಕಾಲದಲ್ಲಿ ನುಡಿಸಿದರೂ ಎರಡನೆಯ ಕಾಲದಲ್ಲಿ ನುಡಿಸಿದರೂ ಅದೇ ಜತಿ ಎಂದು ಗೊತ್ತಾಗುತ್ತದೆ, ಎಲ್ಲ ಅಂತರಗಳೂ ಅರ್ಧಕ್ಕೆ ಇಳಿದಿದ್ದರೂ. ಜೀರುಂಡೆಯ ಹೆಣ್ಣಿಗೆ ಅದರ ಕೂಗನ್ನೇ ಎರಡನೆಯ ಕಾಲದಲ್ಲಿ ಕೇಳಿಸಿದರೆ ಅದು ತಿರುಗಿಯೂ ನೋಡದು. ಅದರ ಅಳತೆಗೋಲು ಮಿಲಿಸೆಕೆಂಡುಗಳದ್ದು, ನಮ್ಮದು ಅನುಪಾತಗಳದ್ದು.

ಸಸ್ತನಿಗಳ ಮಿದುಳಿನಲ್ಲಿ ಇದಕ್ಕೆ ಏನು ಬಂಡವಾಳ ಇದೆ ಎಂಬುದರ ಬಗ್ಗೆ ತುಣುಕು ತುಣುಕಾದ ತಿಳಿವಳಿಕೆ ಇದೆ. ನನಗೆ ಬಹಳ ಹಿಡಿಸಿದ್ದು ಲಂಡನ್ನಿನ ಟಿಯಾಗೊ ಬ್ರಾಂಕೊ, ಬೆವರ್ಲಿ ಕ್ಲಾರ್ಕ್, ಮೈಕೆಲ್ ಹೌಸರ್ ಅವರ 2010ರ ಪ್ರಯೋಗ. ಇಲಿಯ ಮಿದುಳಿನ ತೊಗಟೆಯ ಒಂದು ನರಕೋಶದ ಒಂದೇ ಕೊಂಬೆಯ ಮೇಲೆ ಸಾಲಾಗಿರುವ, ಬೇರೆ ಕೋಶಗಳಿಂದ ಸಂಕೇತ ಬಂದು ಸೇರುವ ಸಂಧಿಗಳಾದ ಸಿನ್ಯಾಪ್ಸ್‌ಗಳನ್ನು ಅವರು ಲೇಸರ್ ಬೆಳಕಿನಿಂದ ಒಂದರ ಹಿಂದೊಂದರಂತೆ ಎಬ್ಬಿಸಿದರು. ಕೊಂಬೆಯ ತುದಿಯಿಂದ ಕೋಶದ ಒಡಲಿನ ಕಡೆಗೆ ಎಬ್ಬಿಸುತ್ತ ಬಂದಾಗ ಹುಟ್ಟಿದ ವಿದ್ಯುತ್ ಪ್ರತಿಕ್ರಿಯೆ, ಒಡಲಿನಿಂದ ತುದಿಯ ಕಡೆಗೆ ಹೋದಾಗಿನದಕ್ಕಿಂತ ದೊಡ್ಡದು. ಅದೇ ಸಿನ್ಯಾಪ್ಸ್‌ಗಳು, ಅದೇ ಸಂಖ್ಯೆ, ಕ್ರಮ ಮಾತ್ರ ಬೇರೆ. ವಿಲ್ಫ್ರಿಡ್ ರಾಲ್ 1964ರಲ್ಲಿ ಲೆಕ್ಕ ಮಾಡಿ ಹೀಗಾಗಬೇಕು ಎಂದಿದ್ದರು. ಅಂದರೆ ಸರ್ಕ್ಯೂಟ್ ಎಂದರೆ ಹಲವು ಕೋಶಗಳೇ ಆಗಬೇಕಿಲ್ಲ. ಒಂದು ಕೋಶದ ಒಂದು ಕೊಂಬೆಯೂ ‘ಅ ಆದ ಮೇಲೆ ಆ’ ಮತ್ತು ‘ಆ ಆದ ಮೇಲೆ ಅ’ ಎಂಬ ಭೇದವನ್ನು ಬಲ್ಲದು.

ಇನ್ನೊಂದು ಪಂಥದವರು, ಡೀನ್ ಬುವೊನೊಮಾನೊ ಅವರಂಥವರು, ಪ್ರತಿ ಅಂತರಕ್ಕೂ ಮೀಸಲಾದ ಕೋಶ ಬೇಡವೇ ಬೇಡ ಎನ್ನುತ್ತಾರೆ. ಸಿನ್ಯಾಪ್ಸ್‌ಗಳು ಒಂದು ಸಲ ಬಳಕೆಯಾದ ಮೇಲೆ ನೂರಾರು ಮಿಲಿಸೆಕೆಂಡ್ ಕಾಲ ಸ್ವಲ್ಪ ದಣಿದಿರುತ್ತವೆ ಅಥವಾ ಸ್ವಲ್ಪ ಬಿಸಿಯೇರಿರುತ್ತವೆ. ನಿಧಾನದ ಪ್ರತಿಬಂಧಗಳೂ ಅಷ್ಟು ಹೊತ್ತು ಉಳಿಯುತ್ತವೆ. ಆದ್ದರಿಂದ ಎರಡನೆಯ ಸದ್ದು ಬರುವ ಹೊತ್ತಿಗೆ ಇಡೀ ಜಾಲವೇ ಮೊದಲಿನಂತಿರುವುದಿಲ್ಲ, ಎಷ್ಟು ಬದಲಾಗಿದೆ ಎಂಬುದು ಎಷ್ಟು ಹೊತ್ತಾಗಿದೆ ಎಂಬುದನ್ನು ಹೇಳುತ್ತದೆ. ಕೊಳಕ್ಕೆ ಒಂದು ಕಲ್ಲು ಎಸೆದು, ಅಲೆ ಅಡಗುವ ಮುಂಚೆ ಇನ್ನೊಂದು ಎಸೆದರೆ ಮೂಡುವ ಅಲೆಗಳ ವಿನ್ಯಾಸದಿಂದ ನಡುವಿನ ಹೊತ್ತನ್ನು ಊಹಿಸಬಹುದಲ್ಲವೇ, ಹಾಗೆ. ಮೈಕೆಲ್ ಮರ್ಜೆನಿಚ್ ಅವರೊಂದಿಗೆ 1995ರಲ್ಲಿ ಪ್ರಕಟಿಸಿದ ಗಣಕ ಮಾದರಿಯಲ್ಲಿ ಅವರು ಇಂಥ ಜಾಲ ಅಂತರಗಳನ್ನು ಬೇರ್ಪಡಿಸಬಲ್ಲುದೆಂದು ತೋರಿಸಿದರು. ನನಗೆ ಇದು ಭಾಷೆಗೆ ಹೆಚ್ಚು ಹತ್ತಿರದ್ದೆನಿಸುತ್ತದೆ.

ನರತಂತು:

ಭಾಷಾವಿದ್ಯಾರ್ಥಿಗಳು ಪಕ್ಕಕ್ಕಿಟ್ಟದ್ದನ್ನು ಎತ್ತಿಕೊಂಡದ್ದು ಒಳ್ಳೆಯದಾಯಿತು. ಆದರೆ ಕೊಳದ ಮಾದರಿಯ ಮೇಲೆ ನನಗೆ ಒಂದು ತಕರಾರಿದೆ. ಅದೂ ಅನುಪಾತವನ್ನು ತಾನಾಗಿಯೇ ಗುರುತಿಸುವುದಿಲ್ಲ. ಅಲೆ ಅಡಗುವ ವೇಗವೂ ನೀರಿನದೇ ಸ್ವಭಾವ, ಮಿಲಿಸೆಕೆಂಡುಗಳಲ್ಲೇ ಇರುವಂಥದ್ದು. ನಿಧಾನದ ‘ಕತೆ’ಯನ್ನೂ ಬಿರುಸಿನ ‘ಕತ್ತೆ’ಯನ್ನೂ ಬೇರೆ ಮಾಡಬೇಕಾದರೆ ಮಾತಿನ ವೇಗವನ್ನು ಬೇರೆ ಯಾವುದೋ ದಾರಿಯಿಂದ ತಿಳಿದುಕೊಂಡು ಜಾಲದ ಗತಿಯನ್ನೇ ಹಿಗ್ಗಿಸಬೇಕು ಅಥವಾ ಕುಗ್ಗಿಸಬೇಕು. ಅಷ್ಟರ ಮಟ್ಟಿಗೆ ಆ ಮಾದರಿಯೂ ಜೀರುಂಡೆಯ ಪಕ್ಕದಲ್ಲೇ ನಿಂತಿದೆ.

ಅಂತರವನ್ನು ಗುರುತಿಸುವುದಕ್ಕೂ ವಿನ್ಯಾಸವನ್ನು ಗುರುತಿಸುವುದಕ್ಕೂ ನಡುವಿನ ಒಂದು ಮೆಟ್ಟಿಲನ್ನು ಮಾತ್ರ ಇಲ್ಲಿ ಹೇಳಿಬಿಡುತ್ತೇನೆ. ಯೂಟಾ ವಿಶ್ವವಿದ್ಯಾಲಯದ ಗ್ಯಾರಿ ರೋಸ್ ಅವರ ಗುಂಪು 2002ರಲ್ಲಿ ಕಪ್ಪೆಗಳ ನಡುಮಿದುಳಿನಲ್ಲಿ ಎಣಿಸುವ ಕೋಶಗಳನ್ನು ವರದಿ ಮಾಡಿತು. ಸರಿಯಾದ ಅಂತರಗಳು ಒಂದರ ಹಿಂದೊಂದು ಗೊತ್ತಾದಷ್ಟು ಸಲ ಬಂದ ಮೇಲೆಯೇ ಆ ಕೋಶ ಮಿಡಿಯುವುದು. ನಡುವೆ ಒಂದೇ ಒಂದು ಅಂತರ ತಪ್ಪಿದರೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಜಪಮಾಲೆ ಕೈತಪ್ಪಿದವರಂತೆ. ಪ್ರತಿ ತುಣುಕಿಗೂ ಪ್ರತಿಬಂಧ ಮತ್ತು ಪ್ರಚೋದನೆ ಎರಡೂ ಬರುತ್ತವೆ. ಸರಿಯಾದ ಅಂತರದಲ್ಲಿ ಬಂದಾಗ ಪ್ರಚೋದನೆ ಮೆಲ್ಲಮೆಲ್ಲನೆ ಬಲಗೊಂಡು ಪ್ರತಿಬಂಧವನ್ನು ಮೀರುತ್ತದೆ, ಅಂತರ ಉದ್ದವಾದರೆ ಆ ಬಲ ಕರಗಿಹೋಗುತ್ತದೆ.

ಜೀರುಂಡೆಗೆ ಇಷ್ಟು ಕಟ್ಟುನಿಟ್ಟಿಲ್ಲ. ಗಾಳಿಯಲ್ಲಿ ತೇಲುವ ಹಗುರ ಚೆಂಡಿನ ಮೇಲೆ ಹೆಣ್ಣನ್ನು ನಿಲ್ಲಿಸಿ, ಚೆಂಡಿನ ಉರುಳುವಿಕೆಯಿಂದ ಅದರ ಪ್ರತಿ ಹೆಜ್ಜೆಯನ್ನೂ ಅಳೆದು ಹೆಡ್ವಿಗ್ ಮತ್ತು ಜೇಮ್ಸ್ ಪೋಲೆ ಅವರು ಕಂಡದ್ದು ಬೇರೆಯೇ. ಸರಿಯಾದ ಲಯವನ್ನು ಒಮ್ಮೆ ಕೇಳಿ ಗುರುತಿಸಿದ ಹೆಣ್ಣು, ಆಮೇಲೆ ಕೆಲವು ಸೆಕೆಂಡ್ ಕಾಲ ತಪ್ಪು ಲಯದ ತುಣುಕಿನತ್ತಲೂ ತಿರುಗುತ್ತದೆ. ಹಾಗಾಗಿ ಗುರುತಿಸುವ ಸರ್ಕ್ಯೂಟ್ ಬಾಗಿಲು ತೆರೆಯುತ್ತದೆ, ದಿಕ್ಕು ಹಿಡಿದು ನಡೆಸುವುದು ಇನ್ನೊಂದು, ಹೆಚ್ಚು ಅವಸರದ ಸರ್ಕ್ಯೂಟ್.

ಮಲೆನಾಡಿಗ:

ಎಲ್ಲರ ಮಾತನ್ನೂ ಓದಿದ ಮೇಲೆ ಭಾಷಾವಿದ್ಯಾರ್ಥಿಗಳು ಹೇಳಿದ್ದನ್ನು ಮನೆಯಲ್ಲೇ ಪರೀಕ್ಷಿಸಿ ನೋಡಿದೆ. ‘ಕತ್ತೆ’ಯ ಮೌನವನ್ನು ಕತ್ತರಿಸಿ 130 ಮಿಲಿಸೆಕೆಂಡಿಗೆ ನಿಲ್ಲಿಸಿ, ಅದೇ ಧ್ವನಿತುಣುಕನ್ನು ‘ನಿನ್ನೆ ಅವನು ನೋಡಿದ್ದು ಒಂದು...’ ಎಂಬ ವಾಕ್ಯಕ್ಕೆ ಎರಡು ಬಗೆಯಲ್ಲಿ ಅಂಟಿಸಿದೆ: ಒಮ್ಮೆ ವಾಕ್ಯವನ್ನು ನಿಧಾನವಾಗಿ ಹೇಳಿದ ರೆಕಾರ್ಡಿಂಗಿಗೆ, ಒಮ್ಮೆ ಸರಸರನೆ ಹೇಳಿದ್ದಕ್ಕೆ. ನಿಧಾನದ ವಾಕ್ಯದ ಕೊನೆಯಲ್ಲಿ ನನ್ನ ತಂಗಿಗೂ ತಂಗಿಯ ಮಗನಿಗೂ ಅದು ‘ಕತೆ’ ಎಂದೂ, ಬಿರುಸಿನ ವಾಕ್ಯದ ಕೊನೆಯಲ್ಲಿ ‘ಕತ್ತೆ’ ಎಂದೂ ಕೇಳಿಸಿತು. ಅಮ್ಮನಿಗೆ ಮಾತ್ರ ಎರಡೂ ಸಲ ‘ಕತ್ತೆ’ಯೇ, ಕತೆಯನ್ನು ಯಾರಾದರೂ ನೋಡುತ್ತಾರೆಯೇ, ಕೇಳುತ್ತಾರಲ್ಲವೇ ಎಂದು ಅವರು ಕೇಳಿದಾಗ ನನ್ನ ವಾಕ್ಯದ ತಪ್ಪು ನನಗೆ ಗೊತ್ತಾಯಿತು. ‘ಅವನ ಬಳಿ ಇದ್ದದ್ದು ಒಂದು...’ ಎಂದು ಬದಲಿಸಿ ಭಾನುವಾರ ಮತ್ತೆ ಕೇಳಿಸುವವನಿದ್ದೇನೆ.